ಕಲ್ಲು ಬದಲಿಸುವ ಮೊದಲು ಕತ್ತಿಯ ತುದಿ ನೋಡಿ

ಪ್ರಶ್ನೆ: ನಮ್ಮ ಅಜ್ಜ ಗಡ್ಡ ಹೆರೆದುಕೊಳ್ಳುತ್ತಿದ್ದ ಮಡಚುವ ಕತ್ತಿ ಅಟ್ಟದ ಮೇಲೆ ಸಿಕ್ಕಿತು. ಸೋಲಿಂಗನ್ (ಕತ್ತಿಗಳಿಗೆ ಹೆಸರಾದ ಜರ್ಮನಿಯ ಊರು) ಎಂಬ ಮುದ್ರೆ ಇದೆ. ಅಲಗಿನ ಅಗಲ 16 ಮಿ.ಮೀ. ನಾನೇ ಹರಿತ ಮಾಡಿ ಬಳಸಬೇಕು ಅಂತ ಆಸೆ. ಮಸೆಯಲು ಬೆಲ್ಜಿಯಂನ ಕೊಟಿಕ್ಯೂಲ್ ಎಂಬ ನೈಸರ್ಗಿಕ ಕಲ್ಲು ತರಿಸಿದೆ. 150 ಮಿ.ಮೀ. ಉದ್ದ, 40 ಮಿ.ಮೀ. ಅಗಲ, ಜೊತೆಗೆ ಅದೇ ಜಾತಿಯ ಒಂದು ಚಿಕ್ಕ ಕಲ್ಲು. ವಿಡಿಯೊ ನೋಡಿಕೊಂಡು ಮೂರು ವಾರದಿಂದ ಮಸೆಯುತ್ತಿದ್ದೇನೆ. ಅಲಗಿನ ನಡುಭಾಗ ಮುಂಗೈ ಕೂದಲು ತೆಗೆಯುತ್ತದೆ, ತುದಿ ಏನೂ ಕೊಯ್ಯುವುದಿಲ್ಲ. ಕೆನ್ನೆಗೆ ಇಟ್ಟರೆ ಕೂದಲು ಕಿತ್ತ ಹಾಗೆ ಉರಿ. ಜಪಾನಿನ ಕಲ್ಲು ಇದಕ್ಕಿಂತ ನಯ ಅಂತಾರೆ. ಅದನ್ನು ಕೊಂಡರೆ ಸರಿಹೋಗುತ್ತದಾ? (ತೀರ್ಥಹಳ್ಳಿ ಕಡೆಯ ಓದುಗರೊಬ್ಬರು)

ಉತ್ತರ: ಕೊಳ್ಳಬೇಡಿ. ಕೊನೇಪಕ್ಷ ಈಗ ಬೇಡ.

ಉತ್ತರ ನಿಮ್ಮ ಪ್ರಶ್ನೆಯ ಒಳಗೇ ಇದೆ. ನಡುಭಾಗ ಕೂದಲು ತೆಗೆಯುತ್ತದೆ, ತುದಿ ತೆಗೆಯುವುದಿಲ್ಲ ಅಂದಿರಿ. ತಪ್ಪು ಕಲ್ಲಿನದಾಗಿದ್ದರೆ ಇಡೀ ಅಲಗು ಒಂದೇ ಥರ ಕೆಟ್ಟಿರಬೇಕಿತ್ತು, ಅಲ್ವಾ? ಒಂದು ಕಡೆ ಕೊಯ್ದು ಇನ್ನೊಂದು ಕಡೆ ಕೊಯ್ಯದಿದ್ದರೆ ಆ ಇನ್ನೊಂದು ಕಡೆಗೆ ಕಲ್ಲು ತಾಗೇ ಇಲ್ಲ. ತಾಗದ ಕಲ್ಲು ಎಷ್ಟು ನಯವಾಗಿದ್ದರೇನು?

ಬಯ್ಯುತ್ತಿಲ್ಲ. ನಾನೂ ಇದೇ ಹಳ್ಳಕ್ಕೆ ಬಿದ್ದವನು. ಕಲಿಯಲು ಶುರು ಮಾಡಿದ ವರ್ಷ ಒಂದರ ಹಿಂದೊಂದು ಮೂರು ಕಲ್ಲು ಕೊಂಡೆ. ಪ್ರತಿ ಸಲವೂ ಈ ಕಲ್ಲಿನಲ್ಲಿ ಆಗದ್ದು ಮುಂದಿನದರಲ್ಲಿ ಆಗುತ್ತದೆ ಅನ್ನಿಸುತ್ತಿತ್ತು. ಅದರಲ್ಲೊಂದನ್ನು ಮಾರಿದವನು 'ಹಳೇ ಜರ್ಮನ್ ಕಲ್ಲು' ಅಂದಿದ್ದ. ಮನೆಗೆ ತಂದು ತೊಳೆದರೆ ಶಾಲೆಯಲ್ಲಿ ಬಳಪದಿಂದ ಬರೆಯುತ್ತಿದ್ದೆವಲ್ಲ, ಆ ಸ್ಲೇಟಿನ ದಪ್ಪನೆಯ ತುಂಡು. ಕೊನೆಗೆ ಕತ್ತಿ ಹರಿತವಾದದ್ದು ಮೊದಲು ಕೊಂಡ ಕಲ್ಲಿನಲ್ಲೇ. ಅಷ್ಟು ಹೊತ್ತಿಗೆ ಕಲ್ಲು ಬದಲಾಗಿರಲಿಲ್ಲ, ಕೈ ಬದಲಾಗಿತ್ತು.

ಮೊದಲು ಕತ್ತಿಯ ರಚನೆ ನೋಡೋಣ. ಅಡುಗೆಮನೆಯ ಚಾಕು ಮಸೆಯುವಾಗ ಎಷ್ಟು ಓರೆ ಹಿಡಿಯಬೇಕು ಅನ್ನುವುದನ್ನು ನಮ್ಮ ಕೈಯೇ ಲೆಕ್ಕ ಹಾಕಬೇಕು. ಕ್ಷೌರದ ಕತ್ತಿಯಲ್ಲಿ ಆ ತಲೆನೋವಿಲ್ಲ. ಅದನ್ನು ಕಲ್ಲಿನ ಮೇಲೆ ಪೂರ್ತಿ ಮಲಗಿಸಬೇಕು. ದಪ್ಪ ಬೆನ್ನೂ ತಾಗಿರಬೇಕು, ಬಾಯಿಯೂ (ಕೊಯ್ಯುವ ಅಂಚು) ತಾಗಿರಬೇಕು. ಓರೆ ಎಷ್ಟು ಅನ್ನುವುದನ್ನು ಬೆನ್ನಿನ ದಪ್ಪವೇ ನಿರ್ಧರಿಸುತ್ತದೆ. ನಿಮ್ಮ ಅಲಗಿನ ಅಗಲ 16 ಮಿ.ಮೀ. ಇದ್ದು ಬೆನ್ನು ಸುಮಾರು 4.5 ಮಿ.ಮೀ. ದಪ್ಪ ಇದ್ದರೆ, ಎರಡೂ ಮೈ ಸೇರುವ ಕೋನ 16 ಡಿಗ್ರಿ ಬರುತ್ತದೆ. ಕ್ಷೌರಕ್ಕೆ ಅದು ಹೇಳಿ ಮಾಡಿಸಿದ ಕೋನ. ಬೆನ್ನು ಸವೆಯದಿರಲಿ ಅಂತ ಕೆಲವರು ಅದಕ್ಕೆ ಕರೆಂಟ್ ಟೇಪ್ ಅಂಟಿಸುತ್ತಾರೆ. ಒಂದು ಸುತ್ತು ಅಂಟಿಸಿದರೆ ಕೋನ ಒಂದು ಡಿಗ್ರಿಯಷ್ಟು ಏರುತ್ತದೆ. ತಪ್ಪೇನಿಲ್ಲ. ಆದರೆ ಅಂಟಿಸಿ ಶುರು ಮಾಡಿದರೆ ಕೊನೆಯವರೆಗೂ ಅಂಟಿಸಿಯೇ ಮಸೆಯಬೇಕು. ಟೇಪ್ ಹಾಕಿ ಬೆಳಿಗ್ಗೆ ಒಂದಷ್ಟು, ತೆಗೆದು ಸಂಜೆ ಒಂದಷ್ಟು ಮಸೆದರೆ, ಸಂಜೆಯ ಕೆಲಸ ಬಾಯಿಯ ಅಂಚಿಗೆ ತಲುಪುವುದೇ ಇಲ್ಲ.

ಈಗ ನಿಮ್ಮ ತುದಿಯ ವಿಷಯ. ಒಂದು ಕಪ್ಪು ಮಾರ್ಕರ್ ಪೆನ್ ತೆಗೆದುಕೊಳ್ಳಿ. ಬಾಯಿಯ ಎರಡೂ ಮೈಗೆ, ಬುಡದಿಂದ ತುದಿವರೆಗೆ, ಬಳಿಯಿರಿ. ಒಣಗಲಿ. ಕಲ್ಲಿಗೆ ಬರೀ ನೀರು ಹಾಕಿ, ನೀವು ಮಾಮೂಲಾಗಿ ಮಸೆಯುವ ಹಾಗೇ ಒಂದೊಂದು ಮೈಯನ್ನು ಎರಡೆರಡು ಸಲ ಮಸೆಯಿರಿ. ಆಮೇಲೆ ದೀಪದ ಕೆಳಗೆ ಹಿಡಿದು ನೋಡಿ. ಎಲ್ಲಿ ಮಸಿ ಹೋಗಿದೆಯೋ ಅಲ್ಲಿ ಕಲ್ಲು ತಾಗಿದೆ. ಎಲ್ಲಿ ಉಳಿದಿದೆಯೋ ಅಲ್ಲಿ ಮೂರು ವಾರದಿಂದ ನೀವು ಗಾಳಿಯಲ್ಲಿ ಮಸೆದಿದ್ದೀರಿ.

ಎರಡೂ ಮೈಯಲ್ಲಿ ತುದಿಯ ಮಸಿ ಹಾಗೇ ಉಳಿದಿದ್ದರೆ ಅಲಗಿನ ಬಾಯಿ ನೇರವಾಗಿಲ್ಲ, ಬಿಲ್ಲಿನ ಹಾಗೆ ಸ್ವಲ್ಪ ಹೊರಕ್ಕೆ ಬಾಗಿದೆ ಅಂತ ಅರ್ಥ. ಹಳೆಯ ಕತ್ತಿಗಳಲ್ಲಿ ಇದು ತುಂಬಾ ಸಾಮಾನ್ಯ. ಎಷ್ಟೋ ಕತ್ತಿಗಳನ್ನು ಬೇಕೆಂದೇ ಹೀಗೆ ಮಾಡುತ್ತಿದ್ದರು. ಮೇಜಿನ ಮೇಲಿಟ್ಟ ಸ್ಕೇಲಿಗೆ ಬಾಯಿಯನ್ನು ಹತ್ತಿರ ಹಿಡಿದು ನೋಡಿ, ತುದಿಯ ಹತ್ತಿರ ಬೆಳಕಿನ ಸಂದು ಕಾಣುತ್ತದೆ. ಒಂದೇ ಮೈಯಲ್ಲಿ ತುದಿಯ ಮಸಿ ಉಳಿದು ಇನ್ನೊಂದರಲ್ಲಿ ಹೋಗಿದ್ದರೆ ಅಲಗೇ ತುಸು ಸೊಟ್ಟ. ಒಂದು ಕಡೆ ಹೊಟ್ಟೆ, ಇನ್ನೊಂದು ಕಡೆ ಗುಳಿ. ಇದೂ ಸಾಮಾನ್ಯವೇ. ಉಕ್ಕನ್ನು ಕಾಯಿಸಿ ಎಣ್ಣೆಗೋ ನೀರಿಗೋ ಅದ್ದಿದಾಗ ಹೀಗೆ ತಿರುಚಿಕೊಳ್ಳುವುದುಂಟು.

ಎರಡಕ್ಕೂ ಮದ್ದು ಹೆಚ್ಚುಕಡಿಮೆ ಒಂದೇ, ಮತ್ತು ನಿಮ್ಮ 40 ಮಿ.ಮೀ. ಕಲ್ಲು ಅದಕ್ಕೆ ಅನುಕೂಲ. ಅಗಲವಾದ ಕಲ್ಲು ಸೊಟ್ಟ ಅಲಗಿನ ಎರಡು ತುದಿಗೆ ಮಾತ್ರ ತಾಗಿ ನಡುವನ್ನು ಬಿಟ್ಟುಬಿಡುತ್ತದೆ. ಕಿರಿದಾದ ಕಲ್ಲು ಅಲಗಿನ ಗುಳಿಗೂ ಇಳಿಯುತ್ತದೆ. ಕತ್ತಿಯನ್ನು ನೇರವಾಗಿ ತಳ್ಳಬೇಡಿ. ಕಲ್ಲಿನ ಈ ತುದಿಯಲ್ಲಿ ಅಲಗಿನ ಬುಡ ಕಲ್ಲಿನ ಮೇಲಿರಲಿ. ಮುಂದಕ್ಕೆ ತಳ್ಳುತ್ತಾ ಹಿಡಿ ಇರುವ ಕಡೆಗೆ ಓರೆಯಾಗಿ ಎಳೆದುಕೊಳ್ಳಿ. ಕಲ್ಲಿನ ಆ ತುದಿ ಮುಟ್ಟುವಷ್ಟರಲ್ಲಿ ಅಲಗಿನ ತುದಿ ಮಾತ್ರ ಕಲ್ಲಿನ ಮೇಲೆ ಉಳಿದಿರಬೇಕು. ಇಷ್ಟು ವಿಡಿಯೊಗಳಲ್ಲೂ ಇರುತ್ತದೆ. ಅವರು ಹೇಳದೆ ಬಿಡುವುದು ಮೊಣಕೈ ವಿಷಯ. ಅರ್ಧ ದಾರಿ ದಾಟಿದ ಮೇಲೆ ಮೊಣಕೈಯನ್ನು ಒಂದು ಬೆರಳಿನಷ್ಟು ಮೇಲೆತ್ತಿ. ಆಗ ಹಿಡಿ ತುಸು ಏಳುತ್ತದೆ, ಭಾರ ಅಲಗಿನ ಬುಡದಿಂದ ತುದಿಗೆ ಉರುಳುತ್ತದೆ. ಬೆನ್ನು ಕಲ್ಲನ್ನು ಬಿಡಬಾರದು, ಅದೊಂದು ಎಚ್ಚರ. ಕಲ್ಲಿನ ಮೇಲಿನ ನೀರು ಬಾಯಿಯ ಮುಂದೆ ಸಣ್ಣ ಅಲೆಯಾಗಿ ಏಳುತ್ತದೆ, ನೋಡಿ. ಆ ಅಲೆ ಬುಡದಿಂದ ಹೊರಟು ತುದಿವರೆಗೆ ಮುರಿಯದೆ ಜಾರಬೇಕು. ನನಗೆ ಇದು ಕೈಗೆ ಹತ್ತಲು ಹದಿನೈದು ದಿನ ಹಿಡಿಯಿತು. ಮೊದಲ ವಾರ ಅಲೆ ನಡುವಿನಲ್ಲೇ ಸಾಯುತ್ತಿತ್ತು.

ಇನ್ನೊಂದು ವಿಷಯ ಕೇಳಲೇಬೇಕು. ತುದಿಯಲ್ಲಿ ತುಕ್ಕಿನ ಗುಳಿಗಳಿವೆಯಾ? ತೀರ್ಥಹಳ್ಳಿ ಮಳೆಗೆ ಅಟ್ಟದ ಮೇಲಿದ್ದ ಉಕ್ಕು ಸುಮ್ನೆ ಕೂತಿರುವುದಿಲ್ಲ. ಮೇಲುಮೇಲಿನ ಕಂದು ಕಲೆ ಇದ್ದರೆ ಚಿಂತೆಯಿಲ್ಲ. ಬಾಯಿಯ ಅಂಚಿನಲ್ಲೇ ಕಪ್ಪು ಚುಕ್ಕಿಗಳಿದ್ದರೆ ಅಲ್ಲಿ ಉಕ್ಕು ಒಳಗಿಂದ ತಿಂದುಹೋಗಿರುತ್ತದೆ. ಎಷ್ಟು ಮಸೆದರೂ ಅಲ್ಲಿ ಪುಡಿಪುಡಿ ಉದುರುತ್ತದೆ. ಗಟ್ಟಿ ಉಕ್ಕು ಸಿಗುವವರೆಗೆ ಸವೆಸುವುದೊಂದೇ ದಾರಿ. ಹಿಡಿಯನ್ನೂ ನೋಡಿ. ಹಳೆಯ ಸೆಲ್ಯುಲಾಯ್ಡ್ (ಹಳೇ ಕಾಲದ ಪ್ಲಾಸ್ಟಿಕ್) ಹಿಡಿ ಕೊಳೆಯಲು ಶುರುವಾದರೆ ಆಮ್ಲದ ಗಾಳಿ ಬಿಡುತ್ತದೆ. ಮಡಚಿಟ್ಟ ಅಲಗಿಗೆ ಅದೇ ತುಕ್ಕು ಹಿಡಿಸುತ್ತದೆ. ಹಿಡಿ ಬಿರುಕು ಬಿಟ್ಟಿದ್ದು, ಮೂಗಿಗೆ ಹುಳಿ ಅಥವಾ ಕರ್ಪೂರದ ವಾಸನೆ ಬಂದರೆ ಅಲಗನ್ನು ಅದರೊಳಗೆ ಮಡಚಿಡಬೇಡಿ.

ಗುಳಿಯಿಲ್ಲ ಅಂತಿಟ್ಟುಕೊಳ್ಳೋಣ. ಇನ್ನು ನಿಜವಾದ ಕೆಲಸ. ಬಾಯಿಯ ಎರಡೂ ಮೈಯಲ್ಲಿ ಕಲ್ಲು ಸವೆಸಿದ ಸಣ್ಣ ಪಟ್ಟಿ ಇರುತ್ತದೆ. ಕೂದಲೆಳೆಗಿಂತ ಸ್ವಲ್ಪ ದಪ್ಪ, ಹೊಳೆಯುತ್ತಿರುತ್ತದೆ. ಇದಕ್ಕೆ ಬೆವೆಲ್ ಅನ್ನುತ್ತಾರೆ. ಈ ಎರಡು ಪಟ್ಟಿಗಳು ಬುಡದಿಂದ ತುದಿವರೆಗೆ ಎಲ್ಲೂ ಬಿಡದೆ ಒಂದನ್ನೊಂದು ಕೂಡಬೇಕು. ಕೂಡಿದ ಆ ಗೆರೆಯೇ ಹರಿತ. ಕೂಡದೆ ಬಿಟ್ಟ ಕಡೆ ಮುಂದೆ ಯಾವ ಕಲ್ಲು ಹಾಕಿದರೂ ಮೊಂಡನ್ನೇ ಹೊಳಪು ಮಾಡಿದ ಹಾಗೆ. ಹೊಸಬರ ಹತ್ತರಲ್ಲಿ ಒಂಬತ್ತು ದೂರುಗಳು ಇಲ್ಲೇ ಹುಟ್ಟುತ್ತವೆ ಅಂತ ನನ್ನ ಅನಿಸಿಕೆ. ನಿಮ್ಮದೂ ಅದೇ.

ಇದಕ್ಕೆ 1000 ನಂಬರಿನ ಕೃತಕ ಕಲ್ಲು ಬಳಸಿ (ನಂಬರ್ ಹೆಚ್ಚಿದಷ್ಟೂ ಕಲ್ಲಿನ ಕಣ ನಯ). ನೈಸರ್ಗಿಕ ಕಲ್ಲಿನ ಭಕ್ತರು ಮುಖ ಗಂಟಿಕ್ಕಬಹುದು. ಗಂಟಿಕ್ಕಲಿ. ಕೊಟಿಕ್ಯೂಲ್‌ನಲ್ಲೇ ಬೆವೆಲ್ ಕೂಡಿಸಲು ಬರುತ್ತದೆ, ನಾನೂ ಮಾಡಿದ್ದೇನೆ. ಆದರೆ ಮೊಂಡಾದ ಹಳೇ ಕತ್ತಿಗೆ ಗಂಟೆಗಟ್ಟಲೆ ಹಿಡಿಯುತ್ತದೆ. ಕೈ ಸೋತಾಗ ಒತ್ತುವುದು ಜಾಸ್ತಿಯಾಗುತ್ತದೆ, ಒತ್ತಿದಾಗ ಅಲಗು ಬಾಗುತ್ತದೆ, ಬಾಗಿದ ಅಲಗಿನ ಅಂಚು ಕಲ್ಲನ್ನು ಬಿಟ್ಟು ಏಳುತ್ತದೆ. ಅಂದ ಹಾಗೆ, ಕೃತಕ ಕಲ್ಲಿನಲ್ಲಿ ಸಾಮಾನ್ಯವಾಗಿ ಇರುವ ಅಲ್ಯೂಮಿನಿಯಂ ಆಕ್ಸೈಡ್ ಅಂದರೆ ನಮ್ಮ ಕುರುಂದವೇ. ಇಂಗ್ಲಿಷಿನ 'ಕೊರಂಡಮ್' ಅನ್ನುವ ಹೆಸರೂ ದ್ರಾವಿಡ ನುಡಿಗಳ ಈ ಮಾತಿನಿಂದಲೇ ಹೋದದ್ದು. ಹಾಗಾಗಿ ಕೃತಕ ಕಲ್ಲು ಮುಟ್ಟಿದರೆ ಮೈಲಿಗೆ ಅಂದುಕೊಳ್ಳಬೇಕಿಲ್ಲ.

ಬೆವೆಲ್ ಕೂಡಿತೋ ಇಲ್ಲವೋ ಅಂತ ತಿಳಿಯಲು ಎರಡು ಪರೀಕ್ಷೆ ಸಾಕು. ಒಂದು, ಬಾಯಿಯನ್ನು ಮೇಲ್ಮುಖವಾಗಿ ಹಿಡಿದು ಟೇಬಲ್ ದೀಪದ ಕೆಳಗೆ ಅತ್ತಿತ್ತ ವಾಲಿಸಿ. ಮೊಂಡು ಇರುವ ಕಡೆ ಬೆಳಕು ಬಿದ್ದು ಬೆಳ್ಳಿ ಗೆರೆ ಮಿನುಗುತ್ತದೆ. ಹರಿತವಾದ ಅಂಚಿಗೆ ಬೆಳಕನ್ನು ಹಿಂದಿರುಗಿಸುವಷ್ಟು ದಪ್ಪವೇ ಇರುವುದಿಲ್ಲ, ಅದು ಕಾಣುವುದಿಲ್ಲ. ಎರಡು, ಮುಂಗೈ ಕೂದಲು. ಬುಡ, ನಡು, ತುದಿ ಮೂರೂ ಕಡೆ ಚರ್ಮಕ್ಕೆ ಹತ್ತಿಸಿ, ಒತ್ತದೆ, ಒಂದೇ ಸಲಕ್ಕೆ ಕೂದಲು ಹೋಗಬೇಕು. ನಡುಭಾಗ ತೆಗೆಯಿತು ಅಂತ ಖುಷಿಪಟ್ಟು ಮುಂದೆ ಹೋಗಬೇಡಿ. ನೀವು ಈ ಸಲ ಎಡವಿದ್ದು ಅಲ್ಲೇ.

ಇನ್ನು ನಿಮ್ಮ ಕೊಟಿಕ್ಯೂಲ್. ಒಳ್ಳೆ ಆಯ್ಕೆ, ಹೊಸಬರಿಗೆ ನಾನೂ ಅದನ್ನೇ ಹೇಳುತ್ತೇನೆ. ಬೆಲ್ಜಿಯಂನ ಆರ್ಡೆನ್ ಬೆಟ್ಟಸಾಲಿನಲ್ಲಿ ವಿಯೆಲ್‌ಸಾಲ್ಮ್ ಊರಿನ ಸುತ್ತಮುತ್ತ ಸಿಗುವ ತಿಳಿಹಳದಿ ಕಲ್ಲು ಇದು. ಸುಮಾರು 48 ಕೋಟಿ ವರ್ಷ ಹಳೆಯ ಪದರ. ಹಳದಿ ಪದರ ತೀರಾ ತೆಳು, ಅದರ ಮೇಲೂ ಕೆಳಗೂ ನೀಲಿ-ನೇರಳೆ ಕಲ್ಲು. ಹಾಗಾಗಿ ಹಳದಿ ತುಂಡಿನ ಬೆನ್ನಿಗೆ ಸಾಮಾನ್ಯವಾಗಿ ಬೇರೆ ಕಲ್ಲಿನ ಆಸರೆ ಅಂಟಿಸಿ ಮಾರುತ್ತಾರೆ. ಕೆಲವು ತುಂಡುಗಳಲ್ಲಿ ನೀಲಿ ಕಲ್ಲು ಹುಟ್ಟಿನಿಂದಲೇ ಅಂಟಿಕೊಂಡಿರುತ್ತದೆ. ಗಣಿಯ ಒಂದೊಂದು ಪದರಕ್ಕೂ ಹೆಸರಿದೆ: ಲಾ ವೆನೆಟ್, ಲಾ ಗ್ರೋಸ್ ಬ್ಲಾಂಶ್, ಲಾ ದ್ರೆಸಾಂಟ್ ಹೀಗೆ. ಸಂಗ್ರಹ ಮಾಡುವವರು ಪದರದ ಹೆಸರಿಗೇ ಜಾಸ್ತಿ ದುಡ್ಡು ಕೊಡುತ್ತಾರೆ. ಕತ್ತಿಗೆ ಅದೆಲ್ಲ ಗೊತ್ತಾಗುವುದಿಲ್ಲ ಅನ್ನುವುದು ನನ್ನ ಅನುಭವ.

ಕಲ್ಲಿನೊಳಗೆ ಕೊಯ್ಯುವ ಕೆಲಸ ಮಾಡುವುದು ಗಾರ್ನೆಟ್ ಹರಳುಗಳು. ನವರತ್ನದ ಉಂಗುರದಲ್ಲಿರುವ ಗೋಮೇಧಿಕವೂ ಇದೇ ಮನೆತನದ್ದು. ಕೊಟಿಕ್ಯೂಲ್‌ನದು ಮ್ಯಾಂಗನೀಸ್ ಇರುವ ಜಾತಿ, ಕಣ್ಣಿಗೆ ಕಾಣದಷ್ಟು ಚಿಕ್ಕವು, ಹೆಚ್ಚಾಗಿ 5ರಿಂದ 15 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ಇಲ್ಲೊಂದು ಸ್ವಾರಸ್ಯ. 1000 ನಂಬರಿನ ಕೃತಕ ಕಲ್ಲಿನ ಕಣಗಳೂ ಹೆಚ್ಚುಕಡಿಮೆ ಅಷ್ಟೇ ದಪ್ಪ. ಹಾಗಾದರೆ ಇದು ನಯವಾದ ಬಾಯಿ ಕೊಡುವುದು ಹೇಗೆ? ಗಾರ್ನೆಟ್ ಹರಳು ಚೂರಿಯ ಮೊನೆಯ ಹಾಗಿರುವುದಿಲ್ಲ. ಹನ್ನೆರಡು ಮುಖದ, ಬಹುಪಾಲು ಗುಂಡಗಿನ ಹರಳು. ಹಾಗಾಗಿ ಉಕ್ಕಿನೊಳಗೆ ಆಳಕ್ಕೆ ಇಳಿಯುವುದಿಲ್ಲ, ಅಗಲವಾದ ಆಳವಿಲ್ಲದ ಗೀರು ಬಿಡುತ್ತದೆ. ಕೊಟಿಕ್ಯೂಲ್ ಅಂದರೆ 8000 ನಂಬರ್ ಅಂತ ಯಾರಾದರೂ ಹೇಳಿದರೆ ತಲೆಯಾಡಿಸಿ ಬಿಟ್ಟುಬಿಡಿ. ನಂಬರ್ ಇರುವುದು ಕಾರ್ಖಾನೆಯಲ್ಲಿ ಜರಡಿ ಹಿಡಿದ ಪುಡಿಗೆ. ಬೆಟ್ಟದಿಂದ ಬಂದ ಕಲ್ಲಿಗೆ ನಂಬರ್ ಹಾಕುವುದು ನಿಮ್ಮ ಕೈ.

ಅದು ಹೇಗೆ ಅಂತ ತಿಳಿಯಲು ನಿಮ್ಮ ದೇವರಮನೆಗೆ ಹೋಗಿ. ಗಂಧ ತೇಯುವ ಸಾಣೆಕಲ್ಲಿನ ಮೇಲೆ ಎರಡು ಹನಿ ನೀರು ಹಾಕಿ ಕೊರಡು ತೇಯುತ್ತೀರಲ್ಲ, ಅದೇ ಕೆಲಸ ಇಲ್ಲಿಯೂ. ಕಲ್ಲಿನ ಜೊತೆ ಬಂದ ಚಿಕ್ಕ ತುಂಡನ್ನು ಕಲ್ಲಿನ ಮೇಲೆ ನೀರು ಹಾಕಿ ತೇಯಿರಿ. ಹಾಲುಬಣ್ಣದ ಗಂಧ ಏಳುತ್ತದೆ. ಇಂಗ್ಲಿಷಿನವರು ಸ್ಲರಿ ಅನ್ನುತ್ತಾರೆ, ನಾನು ಗಂಧ ಅಂತಲೇ ಕರೆಯುತ್ತೇನೆ. ಈ ಗಂಧದಲ್ಲಿ ಬಿಡಿ ಗಾರ್ನೆಟ್ ಹರಳುಗಳು ಉರುಳಾಡುತ್ತಿರುತ್ತವೆ. ಗಂಧ ಗಟ್ಟಿಯಾದಷ್ಟೂ ಕಲ್ಲು ಬೇಗ ಸವೆಸುತ್ತದೆ. ಆದರೆ ಅದಕ್ಕೊಂದು ಬೆಲೆ ಇದೆ. ಕತ್ತಿಯ ಅಂಚು ಮುಂದೆ ಹೋಗುವಾಗ ಆ ಬಿಡಿ ಹರಳುಗಳಿಗೆ ಎದುರಾಗಿ ಡಿಕ್ಕಿ ಹೊಡೆಯುತ್ತದೆ. ಒಂದು ಕಡೆ ಕಲ್ಲು ಹರಿತ ಮಾಡುತ್ತಿದ್ದರೆ ಇನ್ನೊಂದು ಕಡೆ ಗಂಧ ಅಂಚನ್ನು ತುಸು ತುಸು ಮೊಂಡು ಮಾಡುತ್ತಿರುತ್ತದೆ. ಗಟ್ಟಿ ಗಂಧದಲ್ಲಿ ಇಡೀ ದಿನ ಮಸೆದರೂ ಒಂದು ಹಂತ ದಾಟುವುದಿಲ್ಲ. ಅದಕ್ಕೇ ಗಂಧವನ್ನು ತೆಳ್ಳಗೆ ಮಾಡುತ್ತಾ ಹೋಗಬೇಕು.

ಈ ವಿಧಾನಕ್ಕೆ ಡೈಲುಕಾಟ್ ಎಂಬ ಹೆಸರಿದೆ, ಹೆಸರು ಮರೆತರೂ ನಷ್ಟವಿಲ್ಲ. ಬೆವೆಲ್ ಕೂಡಿದ ಮೇಲೆ ಕಲ್ಲಿನ ಮೇಲೆ ಹದವಾದ ಗಂಧ ಎಬ್ಬಿಸಿ, ಕಡೆದ ಮಜ್ಜಿಗೆಯಷ್ಟು ಗಟ್ಟಿ ಇರಲಿ. ಕತ್ತಿಯನ್ನು ತಿರುಗಿಸದೆ ಒಂದೇ ಮೈಯನ್ನು ಹಿಂದೆ ಮುಂದೆ ಮೂವತ್ತು ಸಲ, ಆಮೇಲೆ ಇನ್ನೊಂದು ಮೈ ಮೂವತ್ತು ಸಲ. ಬೆರಳನ್ನು ನೀರಿಗದ್ದಿ ಕಲ್ಲಿನ ಮೇಲೆ ಎರಡೇ ಹನಿ ಬಿಡಿ. ಈಗ ಒಂದೊಂದು ಮೈಗೆ ಇಪ್ಪತ್ತು. ಮತ್ತೆ ಎರಡು ಹನಿ. ಹೀಗೆ ಹತ್ತು ಹನ್ನೆರಡು ಸಲ. ಮಜ್ಜಿಗೆ ನೀರುಮಜ್ಜಿಗೆಯಾಗಿ, ಅದು ಅಕ್ಕಿ ತೊಳೆದ ನೀರಾಗಿ, ಕೊನೆಗೆ ತಿಳಿನೀರಾಗಬೇಕು. ಲೆಕ್ಕ ನನ್ನದು, ನಿಮ್ಮ ಕಲ್ಲು ಬೇರೆ ಲೆಕ್ಕ ಕೇಳಬಹುದು. ಅವಸರದಲ್ಲಿ ಒಮ್ಮೆಗೇ ಚೊಂಬು ನೀರು ಸುರಿದರೆ ಮಾತ್ರ ಅಷ್ಟು ಹೊತ್ತಿನ ಕೆಲಸ ಹಾಳು. ಗಟ್ಟಿ ಗಂಧ ಬಿಟ್ಟ ಮೊಂಡನ್ನು ತೆಗೆಯುವುದು ತೆಳು ಗಂಧ. ನೀವು ಆ ಮೆಟ್ಟಿಲನ್ನೇ ಹಾರಿಬಿಡುತ್ತೀರಿ. ಬರೀ ನೀರಿನಲ್ಲಿ ಕೊಟಿಕ್ಯೂಲ್ ತುಂಬಾ ನಿಧಾನ.

ಕಿವಿಯನ್ನೂ ಬಳಸಿ. ಗಟ್ಟಿ ಗಂಧದಲ್ಲಿ ಸರಸರ ಸದ್ದು ಬರುತ್ತದೆ, ತೆಳುವಾದಂತೆ ಅದು ಇಳಿಯುತ್ತದೆ. ಬರೀ ನೀರಿನ ಹಂತದಲ್ಲಿ ಬಾಯಿ ಸರಿಯಾಗಿದ್ದರೆ ಕತ್ತಿ ಕಲ್ಲಿಗೆ ಹೀರಿಕೊಂಡ ಹಾಗೆ ಅಂಟುತ್ತದೆ. ಎರಡು ಗಾಜಿನ ಹಲಗೆಗಳ ನಡುವೆ ನೀರು ಬಿಟ್ಟಾಗ ಅಂಟುತ್ತವಲ್ಲ, ಹಾಗೆ. ಆ ಅಂಟು ಮೊದಲ ಸಲ ಕೈಗೆ ಗೊತ್ತಾದ ದಿನ ನಾನು ರಾತ್ರಿ ಹನ್ನೊಂದಕ್ಕೆ ಹೆಂಡತಿಯನ್ನು ಎಬ್ಬಿಸಿ ತೋರಿಸಿದ್ದೆ. ಅವಳು ನೋಡಿದ್ದು ಕತ್ತಿಯನ್ನಲ್ಲ, ಅಡುಗೆಮನೆ ಕಟ್ಟೆ ತುಂಬ ಚೆಲ್ಲಿದ ಹಳದಿ ರಾಡಿಯನ್ನು.

ಕೊನೆಯ ನಲವತ್ತು ಐವತ್ತು ಎಳೆತಗಳನ್ನು ಸಣ್ಣಗೆ ಹರಿಯುವ ನೀರಿನ ಕೆಳಗೆ ಮಾಡಿ. ಕತ್ತಿಯ ಭಾರವಷ್ಟೇ ಇರಲಿ, ನಿಮ್ಮ ಕೈ ದಾರಿ ತೋರಿಸಿದರೆ ಸಾಕು. ಇಲ್ಲೊಂದು ಎಚ್ಚರಿಕೆ, ನನ್ನದೇ ಕಥೆ. ಎರಡು ಗಂಟೆ ಮಸೆದ ಕತ್ತಿಯನ್ನು ನಲ್ಲಿಯ ಕೆಳಗೆ ತಿರುಗಿಸುವಾಗ ಬಾಯಿ ನಲ್ಲಿಯ ಮೂತಿಗೆ ಟಿಣ್ ಅಂತ ತಾಗಿತು. ಸಣ್ಣ ಸದ್ದು. ಭೂತಕನ್ನಡಿಯಲ್ಲಿ ನೋಡಿದರೆ ಎಳ್ಳಿನ ಅರ್ಧದಷ್ಟು ತುಂಡು ಹಾರಿತ್ತು. ಮತ್ತೆ 1000 ಕಲ್ಲಿನಿಂದ ಶುರು. ಅಂದಿನಿಂದ ನಲ್ಲಿಯ ಮೂತಿಗೆ ರಬ್ಬರ್ ಕೊಳವೆ ಸಿಕ್ಕಿಸುತ್ತೇನೆ. ಇನ್ನೊಂದು ಅಭ್ಯಾಸ: ಕತ್ತಿ ತಿರುಗಿಸುವಾಗ ಯಾವಾಗಲೂ ಬೆನ್ನಿನ ಮೇಲೆ ಉರುಳಿಸಿ. ಬಾಯಿ ಮೇಲಕ್ಕೆದ್ದು ಆಚೆ ಮಲಗಬೇಕು, ಕಲ್ಲನ್ನು ಉಜ್ಜಿಕೊಂಡು ತಿರುಗಬಾರದು.

ಕಲ್ಲು ಸಪಾಟಾಗಿದೆಯಾ ಅಂತಲೂ ನೋಡಿಕೊಳ್ಳಿ. ಪೆನ್ಸಿಲಿನಿಂದ ಕಲ್ಲಿನ ಮೇಲೆ ಚೌಕುಳಿ ಗೆರೆ ಎಳೆದು, ಗ್ರಾನೈಟ್ ಕಟ್ಟೆಯ ಮೇಲೆ 400 ನಂಬರಿನ ವಾಟರ್ ಪೇಪರ್ ಹಾಸಿ, ನೀರು ಹಾಕಿ ಉಜ್ಜಿ. ಗೆರೆಗಳು ಎಲ್ಲ ಕಡೆ ಒಟ್ಟಿಗೆ ಅಳಿಸಿದರೆ ಸರಿ. ನಡುವೆ ಗೆರೆ ಉಳಿದರೆ ಅಲ್ಲಿ ಗುಳಿ ಇದೆ, ಅಳಿಸುವವರೆಗೂ ಉಜ್ಜಿ. ಹೊಸ ಕಲ್ಲೂ ಸಪಾಟಾಗಿರುತ್ತದೆ ಅನ್ನುವ ಭರವಸೆಯಿಲ್ಲ.

ಇದನ್ನು ಓದಿದವರಲ್ಲಿ ಒಬ್ಬರಾದರೂ 'ನಮ್ಮೂರ ಕಲ್ಲು ಆಗಲ್ವಾ' ಅಂತ ಕೇಳುತ್ತಾರೆ. ಕುಡುಗೋಲು ಮಸೆಯುವ ಕಲ್ಲು ಕುಡುಗೋಲಿಗೇ ಸರಿ. ಅದರ ಕಣ ದಪ್ಪ, ಒಂದರ ಹಾಗೆ ಇನ್ನೊಂದಿಲ್ಲ. ಹುಲ್ಲು ಕೊಯ್ಯಲು ಆ ಗರಗಸದಂಥ ಬಾಯಿಯೇ ಬೇಕು, ಕೆನ್ನೆಗೆ ಬೇಡ. ಕಡಪ ಕಲ್ಲು, ಶಹಾಬಾದ್ ಕಲ್ಲು ನೋಡಲು ನುಣ್ಣಗಿವೆ, ಆದರೆ ಎರಡೂ ಸುಣ್ಣದ ಕಲ್ಲು. ಗಟ್ಟಿ ಮಾಡಿದ ಉಕ್ಕಿಗಿಂತ ಮೆದು, ಉಕ್ಕನ್ನು ಸವೆಸುವ ಶಕ್ತಿ ಅವಕ್ಕಿಲ್ಲ. ಹೊಳೆಯಲ್ಲಿ ಸಿಗುವ ನುಣುಪು ಕಲ್ಲುಗಳಲ್ಲಿ ಅದೃಷ್ಟವಿದ್ದರೆ ಒಳ್ಳೆಯದು ಸಿಗಬಹುದು. ಆದರೆ ಹೊಸಬರು ಒಂದೇ ಸಲ ಗೊತ್ತಿಲ್ಲದ ಕಲ್ಲು, ಗೊತ್ತಿಲ್ಲದ ಕತ್ತಿ, ಪಳಗದ ಕೈ ಮೂರನ್ನೂ ಸೇರಿಸಿದರೆ ತಪ್ಪು ಯಾವುದರದ್ದು ಅಂತ ಹುಡುಕುವುದು ಹೇಗೆ?

ಜಪಾನಿನ ಕಲ್ಲಿಗೂ ನಾನು ಬೇಡ ಅಂದದ್ದು ಇದೇ ಕಾರಣಕ್ಕೆ. ಕಲ್ಲು ಕೆಟ್ಟದ್ದು ಅಂತಲ್ಲ. ಕ್ಯೋಟೊ ಸುತ್ತಲಿನ ಬೆಟ್ಟಗಳ ನಯವಾದ ಕಲ್ಲುಗಳು, ನಕಯಾಮ, ನರುತಕಿ ಮುಂತಾದ ಹಳೇ ಗಣಿಗಳದ್ದು, ಕ್ಷೌರದ ಕತ್ತಿಗೆ ನಿಜಕ್ಕೂ ಸೊಗಸು. ಆದರೆ ಅವುಗಳ ಮೇಲೆ ಗಂಧ ಎಬ್ಬಿಸಲು ನಗುರ ಅನ್ನುವ ಚಿಕ್ಕ ಕಲ್ಲುಗಳು ಬೇಕು. ಅವು ಬೇರೆಯದೇ ಊರಿನವು, ಮಿಕವ ಸೀಮೆಯವು. ಅದರಲ್ಲೂ ನಾಲ್ಕೈದು ದರ್ಜೆ. ಕಲ್ಲಿಂದ ಕಲ್ಲಿಗೆ ಗುಣ ಬೇರೆ. ಅಡುಗೆ ಚಾಕುವಿಗೆ ಒಗ್ಗುವ ಮೆದು ಕಲ್ಲನ್ನು ಕ್ಷೌರದ ಕತ್ತಿಗೆ ಅಂತ ಮಾರುವವರೂ ಇದ್ದಾರೆ. ಜರ್ಮನಿಯ ತುರಿಂಗಿಯಾ ಕಲ್ಲು, ಅದರಲ್ಲೂ ಸೊನ್ನೆಬರ್ಗಿನ ಎಶರ್ ಕಂಪನಿಯ ಚೀಟಿ ಅಂಟಿದ ಹಳೇ ಕಲ್ಲು, ಬಳಸಲು ಸುಲಭ, ಕೊಳ್ಳಲು ಕಷ್ಟ. ಅಮೆರಿಕದ ಅರ್ಕನ್ಸಾ ಕಲ್ಲನ್ನು ಸಾಮಾನ್ಯವಾಗಿ ಎಣ್ಣೆ ಹಾಕಿ ಬಳಸುತ್ತಾರೆ, ಅದು ಎಷ್ಟು ನಿಧಾನ ಅಂದರೆ ನನಗೆ ಆ ತಾಳ್ಮೆಯಿಲ್ಲ. ನಿಮ್ಮ ಕೈಯಲ್ಲಿರುವ ಕೊಟಿಕ್ಯೂಲ್‌ನಲ್ಲಿ ಮೂರು ಬೇರೆ ಬೇರೆ ಕತ್ತಿ ಹರಿತ ಮಾಡಿ ಅವುಗಳಲ್ಲೇ ಗಡ್ಡ ತೆಗೆದ ಮೇಲೆ ಈ ಆಸೆಗಳನ್ನು ಇಟ್ಟುಕೊಳ್ಳಿ.

ಕಲ್ಲಿನಿಂದ ಎದ್ದ ಕತ್ತಿಯನ್ನು ನೇರ ಮುಖಕ್ಕೆ ಇಡಬೇಡಿ. ಚರ್ಮದ ಪಟ್ಟಿಯ ಮೇಲೆ ತೀಡಬೇಕು. ಇಲ್ಲಿ ದಿಕ್ಕು ಉಲ್ಟಾ: ಬೆನ್ನು ಮುಂದೆ, ಬಾಯಿ ಹಿಂದೆ. ಮೊದಲು ದಪ್ಪ ಹತ್ತಿ ಬಟ್ಟೆಯ ಮೇಲೆ ಇಪ್ಪತ್ತು ಸಲ, ಆಮೇಲೆ ಚರ್ಮದ ಮೇಲೆ ಐವತ್ತು ಅರವತ್ತು ಸಲ. ಪಟ್ಟಿಯನ್ನು ಬಿಗಿಯಾಗಿ ಎಳೆದು ಹಿಡಿಯಿರಿ. ಜೋಲು ಬಿದ್ದರೆ ಚರ್ಮ ಅಂಚನ್ನು ಸುತ್ತಿಕೊಂಡು ಗುಂಡಗೆ ಮಾಡುತ್ತದೆ. ನಾನು ಹುಡುಗನಾಗಿದ್ದಾಗ ನಮ್ಮೂರಿನ ಕ್ಷೌರದಂಗಡಿಯ ಹಿರಿಯರು ಪಟ್ಟಿಯ ಮೇಲೆ ತೀಡಿದ ಮೇಲೆ ಅಂಗೈ ಮೇಲೂ ನಾಲ್ಕು ಸಲ ಕತ್ತಿ ಆಡಿಸುತ್ತಿದ್ದರು. ಕಣ್ಣು ಕತ್ತಿಯ ಮೇಲಿರುತ್ತಿರಲಿಲ್ಲ, ಗಿರಾಕಿಯ ಜೊತೆ ಮಾತು ನಡೆದೇ ಇರುತ್ತಿತ್ತು. ನಮ್ಮಪ್ಪನ ಕುತ್ತಿಗೆ ಹತ್ತಿರ ಆ ಕತ್ತಿ ಹೋದಾಗ ನಾನು ಉಸಿರು ಬಿಗಿಹಿಡಿಯುತ್ತಿದ್ದೆ. ಆಮೇಲೆ ರಕ್ತದಿಂದ ಹರಡುವ ರೋಗಗಳ ಭಯ ಬಂತು. ಅಂಗಡಿಗಳಿಗೆ ಅರ್ಧ ಬ್ಲೇಡ್ ಸಿಕ್ಕಿಸುವ ಕತ್ತಿ ಬಂತು, ಮಸೆಯುವ ಕೆಲಸವೇ ಹೋಯಿತು. ಒಳ್ಳೆಯದೇ ಆಯಿತು. ಆದರೆ ಈ ವಿದ್ಯೆ ಕೇಳಲು ನಿಮ್ಮ ಪೇಟೆಯಲ್ಲೀಗ ಯಾರೂ ಸಿಗದಿರುವುದಕ್ಕೆ ಕಾರಣವೂ ಅದೇ. ಅಂಗೈ ಮೇಲೆ ಆಡಿಸಲು ನೀವು ಹೋಗಬೇಡಿ, ನಾನೂ ಹೋಗಿಲ್ಲ. ಮತ್ತೆ, ಈ ಕತ್ತಿ ನಿಮ್ಮೊಬ್ಬರ ಮುಖಕ್ಕೆ ಮಾತ್ರ.

ಇಷ್ಟೆಲ್ಲ ಮಾಡಿದ ಮೇಲೂ ಮೊದಲ ಎಳೆತ ಬೆಣ್ಣೆಯ ಹಾಗೆ ಹೋಗಿ, ಎರಡನೇ ಕೆನ್ನೆಗೆ ಬರುವಷ್ಟರಲ್ಲಿ ಕಿತ್ತರೆ ಅದಕ್ಕೂ ಕಾರಣವಿದೆ. ಜಾಸ್ತಿ ಮಸೆದಾಗ, ಅದರಲ್ಲೂ ಒತ್ತಿ ಮಸೆದಾಗ, ಅಂಚಿನಲ್ಲಿ ಕಾಗದಕ್ಕಿಂತ ತೆಳುವಾದ ಉಕ್ಕಿನ ಸಿಪ್ಪೆ ಉಳಿಯುತ್ತದೆ. ಮುಟ್ಟಿದರೆ ಹರಿತ, ಗಡ್ಡಕ್ಕೆ ತಾಗಿದರೆ ಮುರಿದು ಬೀಳುತ್ತದೆ. ಅಂಥ ಹೊತ್ತಿನಲ್ಲಿ ಬಾಯಿಯನ್ನು ಕಲ್ಲಿನ ಮೇಲೆ ನೇರವಾಗಿ ನಿಲ್ಲಿಸಿ, ಕಲ್ಲನ್ನೇ ಕೊಯ್ಯುವ ಹಾಗೆ, ಒಮ್ಮೆ ಮಾತ್ರ ಭಾರವಿಲ್ಲದೆ ಎಳೆಯಿರಿ. ಎದೆ ಧಸಕ್ ಅನ್ನುತ್ತದೆ, ಗೊತ್ತು. ಸಿಪ್ಪೆ ಉದುರುತ್ತದೆ. ಮತ್ತೆ ಹದವಾದ ಗಂಧದಿಂದ ಶುರು ಮಾಡಿ, ಈ ಸಲ ಕೈ ಹಗುರ ಇರಲಿ.

ಗಡ್ಡಕ್ಕೆ ಬಿಸಿನೀರು, ಒಳ್ಳೆ ನೊರೆ, ಕತ್ತಿ ಚರ್ಮಕ್ಕೆ ಸುಮಾರು 30 ಡಿಗ್ರಿ ಓರೆ. ಮೊದಲ ಸಲ ಕೆನ್ನೆ ಮಾತ್ರ, ಗದ್ದ ಮತ್ತು ಕುತ್ತಿಗೆ ಮಾಮೂಲಿ ರೇಜರಿನಲ್ಲಿ ಮುಗಿಸಿ. ಆಮೇಲೆ ಅಲಗನ್ನು ಒರೆಸಿ, ಒಣಗಿಸಿ, ಹೊಲಿಗೆ ಮಿಷನ್ ಎಣ್ಣೆಯ ಒಂದು ಹನಿ ಸವರಿ ಇಡಿ. ನಿಮ್ಮ ಮಳೆಗಾಲಕ್ಕೆ ಅದು ಬೇಕೇ ಬೇಕು. ಬಚ್ಚಲುಮನೆಯಲ್ಲಿ ಮಾತ್ರ ಇಡಬೇಡಿ.

ಇವತ್ತು ಸಂಜೆ ಮಾರ್ಕರ್ ಪರೀಕ್ಷೆ ಮಾಡಿ. ಮಸಿ ಎಲ್ಲಿ ಉಳಿದಿದೆ ಅಂತ ಎರಡೂ ಮೈಯ ಫೋಟೊ ಕಳಿಸಿ, ಅಲಗಿನ ಬೆನ್ನು ಕೂಡ ಕಾಣಿಸುವ ಹಾಗೆ. ಸೊಟ್ಟ ಯಾವ ಕಡೆಗೆ ಅಂತ ನೋಡಿ, ಯಾವ ಮೈಗೆ ಎಷ್ಟು ಮಸೆಯಬೇಕು ಅನ್ನುವುದನ್ನು ಬರೆಯುತ್ತೇನೆ.